ನಂದಿ ಬೆಟ್ಟ ಹತ್ತದೆ, ಬುಡದಲ್ಲೇ ನಡೆದ ಒಂದು ದಿನ

ನಂದಿಗೆ ಹೋಗೋಣ ಅಂದರೆ ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತಿರುವುದು ಒಂದೇ ಕ್ರಮ. ಬೆಳಗಿನ ಜಾವ ಮೂರೂವರೆಗೆ ಎದ್ದು, ಗಾಡಿ ಹತ್ತಿ, ಬೆಟ್ಟದ ಕೆಳಗೆ ಸಾಲಿನಲ್ಲಿ ಕಾದು, ಮೇಲೆ ಹೋಗಿ ಸೂರ್ಯೋದಯ ನೋಡಿ, ಹತ್ತು ಗಂಟೆಗೆಲ್ಲ ಮನೆಗೆ ಬಂದು ಮಲಗುವುದು. ನಾನೂ ಐದಾರು ಸಲ ಹಾಗೇ ಹೋಗಿ ಬಂದಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಹೋದಾಗ ಮಾತ್ರ ಬೆಟ್ಟ ಹತ್ತಲೇ ಇಲ್ಲ. ಅಮ್ಮನಿಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ. ಮಟ್ಟಸವಾದ ದಾರಿಯಾದರೆ ಅರ್ಧ ದಿನ ಬೇಕಾದರೂ ನಡೆಯುತ್ತಾರೆ. ಹಾಗಾಗಿ ನಂದಿ ಊರಿನಿಂದ ಮುದ್ದೇನಹಳ್ಳಿವರೆಗೆ ಹೊಲ, ತೋಟ, ಹಳ್ಳಿಗಳ ನಡುವೆ ನಡೆದುಕೊಂಡು ಹೋದೆವು. ಬೆಟ್ಟದ ತುದಿಯಿಂದ ಅಷ್ಟು ಸಲ ನೋಡಿದ್ದ ಹಸಿರು ಚೌಕಗಳ ಒಳಗೆ ಏನಿದೆ ಅಂತ ತಿಳಿದದ್ದು ಆ ದಿನ. ವಯಸ್ಸಾದವರನ್ನೋ ಮಕ್ಕಳನ್ನೋ ಕರೆದುಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬೆಂಗಳೂರಿನ ಹತ್ತಿರದಲ್ಲಿ ನನಗೆ ಗೊತ್ತಿಲ್ಲ.

ಕಾರು ಬೇಡ. ಕಾರು ತಂದರೆ ಅದನ್ನು ನಿಲ್ಲಿಸಿದ ಕಡೆಗೇ ತಿರುಗಿ ಬರಬೇಕು, ಒಂದೂರಿಂದ ಇನ್ನೊಂದೂರಿಗೆ ಹೋಗುವ ಸುಖವೇ ಇರುವುದಿಲ್ಲ. ಯಲಹಂಕ, ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲು ಹಿಡಿದು ನಂದಿ ಹಾಲ್ಟ್‌ನಲ್ಲಿ ಇಳಿಯಿರಿ. ನೂರು ವರ್ಷಕ್ಕೂ ಹಿಂದೆ ಸಣ್ಣ ಹಳಿಯಾಗಿ ಶುರುವಾದ ಮಾರ್ಗ ಇದು. ಹಳೆಯ ಕಾಲದ ಪುಟ್ಟ ಸ್ಟೇಷನ್ನು, ಎದುರಿಗೇ ಬೆಟ್ಟ. ದಿನಕ್ಕೆ ಬೆರಳೆಣಿಕೆಯಷ್ಟೇ ರೈಲುಗಳು. ಹಿಂದಿನ ರಾತ್ರಿಯೇ ಹೊತ್ತು ನೋಡಿಕೊಳ್ಳಿ, ಹಾಲ್ಟ್‌ನಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದನ್ನೂ ನೋಡಿ. ರೈಲು ಹೊಂದದಿದ್ದರೆ ಹೆಬ್ಬಾಳದಲ್ಲಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿ, ಅಲ್ಲಿಂದ ನಂದಿಗೆ ಇನ್ನೊಂದು ಬಸ್ಸೋ ಆಟೋನೋ ಹಿಡಿಯಬಹುದು. ಆಮೇಲೆ ದಾರಿಯಲ್ಲಿ ಊಟದ ಹೋಟೆಲ್ ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ನಾವು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ.

ನಂದಿ ಊರಿನ ಭೋಗನಂದೀಶ್ವರ ದೇವಸ್ಥಾನಕ್ಕೆ ಒಂದು ಗಂಟೆಯಾದರೂ ಕೊಡಿ. ಬಾಣ ಅರಸರ ರಾಣಿ ರತ್ನಾವಳಿ ಕಟ್ಟಿಸಿದ ಗುಡಿ ಇದು. ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲದ, ಕ್ರಿ.ಶ. 806ರ ತಾಮ್ರಶಾಸನದಲ್ಲೇ ಈ ಗುಡಿಗೆ ಕೊಟ್ಟ ದಾನದ ಮಾತಿದೆ. ಎಡಕ್ಕೆ ಅರುಣಾಚಲೇಶ್ವರ, ಬಲಕ್ಕೆ ಭೋಗನಂದೀಶ್ವರ, ನಡುವೆ ಉಮಾಮಹೇಶ್ವರನ ಸಣ್ಣ ಗುಡಿ. ಆ ಸಣ್ಣ ಗುಡಿಯ ಮುಂದಿರುವ ಕಲ್ಯಾಣ ಮಂಟಪದ ಕಪ್ಪು ಕಲ್ಲಿನ ಕಂಬಗಳ ಹತ್ತಿರ ಅಮ್ಮ ಬಹಳ ಹೊತ್ತು ನಿಂತುಬಿಟ್ಟರು. ಕಲ್ಲು ಅನ್ನುವುದೇ ಮರೆತುಹೋಗುವಷ್ಟು ನಯವಾದ ಕೆತ್ತನೆ. ಹಿಂದಿನ ಅಂಗಳ ದಾಟಿದರೆ ಶೃಂಗಿತೀರ್ಥ, ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಮಂಟಪ. ನಾವು ಹೋದ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ, ನೀರಿನ ಮೇಲೆ ಇನ್ನೂ ಮಂಜು ಇತ್ತು. ಶಿವರಾತ್ರಿಯ ತೇರಿಗೆ ಈ ಊರು ಜನರಿಂದ ತುಂಬಿರುತ್ತದೆ. ಜಾತ್ರೆ ನೋಡುವ ಆಸೆಯಿದ್ದರೆ ಆಗ ಹೋಗಿ, ನಡೆಯುವ ಆಸೆಯಿದ್ದರೆ ಬೇಡ.

ಕೆಳಗಿರುವವನು ಭೋಗನಂದಿ, ಬೆಟ್ಟದ ಮೇಲಿರುವವನು ಯೋಗನಂದಿ. ಕಾಲು ಗಟ್ಟಿಯಿರುವವರು ಹತ್ತಿರದ ಸುಲ್ತಾನ್‌ಪೇಟೆಯಿಂದ ಹಳೆಯ ಕಲ್ಲುಮೆಟ್ಟಿಲ ದಾರಿಯಲ್ಲಿ 1,478 ಮೀಟರ್ ಎತ್ತರದ ಆ ತುದಿಗೆ ಹೋಗಬಹುದು. ಮಳೆಯಲ್ಲಿ ಕಲ್ಲು ಜಾರುತ್ತದೆ. ಅದು ಇನ್ನೊಂದು ದಿನದ ಕೆಲಸ.

ಊರು ದಾಟಿದ ಮೇಲೆ ದೊಡ್ಡ ರಸ್ತೆ ಬಿಟ್ಟು ಬಂಡಿ ಜಾಡು ಹಿಡಿದೆವು. ಬೆಟ್ಟ ಬೆನ್ನಿಗೇ ಇರುವುದರಿಂದ ದಿಕ್ಕು ತಪ್ಪುವ ಭಯ ಅಷ್ಟಿಲ್ಲ. ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ಸೇವಂತಿಗೆ, ಹಿಪ್ಪುನೇರಳೆ, ನಡುನಡುವೆ ನೀಲಗಿರಿ ತೋಪು. ಡಿಸೆಂಬರ್ ಅಂದರೆ ರಾಗಿ ಒಕ್ಕಣೆಯ ಕಾಲ. ಕಣ ಮಾಡುವುದು ಕಡಿಮೆಯಾಗಿರುವುದರಿಂದ ಟಾರು ರಸ್ತೆಯ ಮೇಲೇ ತೆನೆ ಹರಡಿರುತ್ತಾರೆ, ಗಾಡಿಗಳು ಅದರ ಮೇಲೆ ಓಡಾಡಿ ಕಾಳು ಉದುರುತ್ತದೆ. ಅದನ್ನು ತುಳಿಯದೆ ಅಂಚಿನಲ್ಲಿ ಹೋಗಿ. ಬೈಕಿನಲ್ಲಿ ಬರುವವರಿಗಂತೂ ಎಚ್ಚರ ಬೇಕು, ಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ದ್ರಾಕ್ಷಿ ಗೊಂಚಲು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದರೂ ಮುಟ್ಟಬೇಡಿ. ಅದು ಒಬ್ಬರ ವರ್ಷದ ದುಡಿಮೆ, ಮೇಲಾಗಿ ಔಷಧಿ ಹೊಡೆದಿರುತ್ತಾರೆ.

ಅವರೆ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದಾಗ ಕಾಯಿ ಬಿಡಿಸುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ, "ಏ ಊರಕ್ಕಾ ಮೀದಿ?" ಅಂದರು, ಯಾವ ಊರಕ್ಕಾ ನಿಮ್ಮದು ಅಂತ. ಈ ಕಡೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಅಮ್ಮ ಹುಟ್ಟಿ ಬೆಳೆದದ್ದು ಕೋಲಾರದ ಕಡೆ. ಇಪ್ಪತ್ತು ವರ್ಷದಿಂದ ರಾಜಾಜಿನಗರದಲ್ಲಿ ಆಡದ ತೆಲುಗು ಆ ಬದುವಿನ ಮೇಲೆ ಹಾಗೇ ಹರಿದು ಬಂತು. ಮಾತಾಡುತ್ತಾ ಅಮ್ಮನೂ ಕಾಯಿ ಕೀಳಲು ಇಳಿದರು. ರಾತ್ರಿಯ ಮಂಜಿಗೆ ಕಾಯಿಯ ಮೇಲೆಲ್ಲ ಅಂಟಂಟಾದ ಎಣ್ಣೆಯ ಪಸೆ. ಒಂದು ಹಿಡಿ ಕಿತ್ತರೆ ಬೆರಳಿಗೆ ಮೆತ್ತಿಕೊಂಡು ಸೋಪು ಹಾಕಿದರೂ ಹೋಗುವುದಿಲ್ಲ. "ಮೂಸಿ ನೋಡು, ಇದು ಸೊಗಡು ಅಂದ್ರೆ," ಅಂತ ಕೈಯನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಆಕೆ ಸೆರಗಿನ ತುಂಬ ಕಾಯಿ ಸುರಿದು, ದುಡ್ಡು ಬೇಡ ಅಂದರು. ಅಮ್ಮ ಬಿಡಲಿಲ್ಲ, ಇನ್ನೆರಡು ಕೆಜಿ ತೂಕ ಹಾಕಿಸಿ ಪೂರ್ತಿ ಹಣ ಕೊಟ್ಟೇ ಎದ್ದದ್ದು. ನೀವೂ ಹಾಗೇ ಮಾಡಿ, ಪೇಟೆಯ ಅರ್ಧ ರೇಟಿಗೆ ಚೌಕಾಸಿ ಮಾಡಬೇಡಿ.

ತೊಂದರೆಯಾದದ್ದು ಅಲ್ಲಿಂದ ಮುಂದೆ. ಫೋನಿನ ನಕ್ಷೆಯಲ್ಲಿ ನೇರವಾಗಿ ಕಾಣುತ್ತಿದ್ದ ಜಾಡು ಒಂದು ಹೊಸ ಲೇಔಟಿನ ಕಾಂಪೌಂಡಿಗೆ ಬಂದು ನಿಂತಿತು. ಗೇಟಿಗೆ ಬೀಗ, ಒಳಗೆ ಸೈಟಿನ ಕಲ್ಲುಗಳು ಬಿಟ್ಟರೆ ಏನೂ ಇಲ್ಲ. ಸುತ್ತಿ ಬರಲು ಮುಕ್ಕಾಲು ಗಂಟೆ ಹಿಡಿಯಿತು, ಅಮ್ಮನ ಕಾಲು ಸೋತದ್ದೂ ಅಲ್ಲೇ. ನನಗೆ ನಿಜವಾಗಿಯೂ ಸಂಕಟವಾಯಿತು. ಗ್ರಾಮನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಅಂತ ಚುಕ್ಕಿಗೆರೆಯಲ್ಲಿ ಗುರುತಿಸಿರುತ್ತಾರೆ. ತಲೆಮಾರುಗಳಿಂದ ದನ, ಗಾಡಿ, ಜನ ಓಡಾಡಿದ ದಾರಿಗಳು ಅವು. ಒಂದು ಗೋಡೆ ಎದ್ದರೆ ನಮ್ಮಂಥ ಒಂದು ದಿನದ ನೆಂಟರಿಗಿಂತ ಆಚೆ ಹೊಲ ಇರುವ ರೈತನಿಗೆ ಹೆಚ್ಚು ನಷ್ಟ. ಈಗ ನಾನು ಹೊರಡುವ ಮುಂಚೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಳ್ಳುತ್ತೇನೆ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದಕ್ಕಿಂತಲೂ ನಂಬಬೇಕಾದದ್ದು ಕುರಿ ಮೇಯಿಸುವವರ ಮಾತನ್ನು. "ಈ ಜಾಡು ಮುದ್ದೇನಹಳ್ಳಿಗೆ ಕೂಡ್ತದಾ?" ಅಂತ ಪ್ರತಿ ಕವಲಿನಲ್ಲೂ ಕೇಳಿ. ತೋಟದ ನಾಯಿಗಳು ಬೊಗಳಿದರೆ ಓಡಬೇಡಿ, ನಿಂತು ಮನೆಯವರನ್ನು ಕೂಗಿ.

ಇನ್ನೊಂದು ಮಾತು. ಕೆರೆ ತುಂಬಿದೆ ಅಂತ ಮುಖ ತೊಳೆಯಲು ಇಳಿಯಬೇಡಿ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಸಂಸ್ಕರಿಸಿ ಈ ಜಿಲ್ಲೆಯ ಹಲವು ಕೆರೆಗಳಿಗೆ ಹರಿಸುತ್ತಾರೆ. ಅಂತರ್ಜಲ ಏರಲಿ ಅಂತ ಬಿಟ್ಟ ನೀರು ಅದು, ಕುಡಿಯುವುದಕ್ಕಲ್ಲ. ನಾವು ಮನೆಯಲ್ಲಿ ಬಳಸಿ ಬಿಟ್ಟ ನೀರು ಇಷ್ಟು ದೂರ ಬಂದಿದೆ ಅಂತ ಹೇಳಿದಾಗ ಅಮ್ಮ ನಂಬಲೇ ಇಲ್ಲ.

ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಅವರು ಹುಟ್ಟಿದ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ, ಪಕ್ಕದಲ್ಲಿ ಅವರ ವಸ್ತುಗಳ ಸಂಗ್ರಹವಿದೆ. 1955ರಲ್ಲಿ ಭಾರತರತ್ನ ಪಡೆದವರ ಮನೆ ಎಷ್ಟು ಚಿಕ್ಕದು ಅಂತ ಮಕ್ಕಳಿಗೆ ತೋರಿಸಬೇಕು. ಲೇಔಟಿನಲ್ಲಿ ಸುತ್ತಿ ತಡವಾದದ್ದರಿಂದ ನಮಗೆ ಹತ್ತೇ ನಿಮಿಷ ಸಿಕ್ಕಿತು. ನೀವು ಮೂರು ಗಂಟೆಯೊಳಗೆ ತಲುಪುವಂತೆ ನೋಡಿಕೊಳ್ಳಿ. ಸಮಾಧಿಯ ಹತ್ತಿರ ನೆರಳಿದೆ, ಅಲ್ಲಿ ಕೂತರೆ ಬೆಟ್ಟಗಳ ಸಾಲು ಕಾಣುತ್ತದೆ. ನನ್ನ ಫೋನು ಆ ದಿನದ ನಡಿಗೆ 11 ಕಿಲೋಮೀಟರ್ ಅಂತ ತೋರಿಸಿತು.

ಸಂಜೆ ಚಿಕ್ಕಬಳ್ಳಾಪುರದ ಬಸ್ಸಿಗೆ ಅರ್ಧ ಗಂಟೆ ಕಾದೆವು. ಕತ್ತಲಾಗುವ ಮುಂಚೆಯೇ ಹೊರಡಿ, ಆಮೇಲೆ ಬಸ್ಸು ಅಪರೂಪ. ಬೆಂಗಳೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವರೆಕಾಯಿ ಸುಲಿಯಲು ಶುರು ಮಾಡಿದರು. ದೇವನಹಳ್ಳಿ ದಾಟುವ ಹೊತ್ತಿಗೆ ಪಕ್ಕದ ಸೀಟಿನ ಅಜ್ಜಿಯೂ ಕೈ ಹಾಕಿದ್ದರು. ಹೆಬ್ಬಾಳದಲ್ಲಿ ಇಳಿಯುವಾಗ ಕಾಳೆಲ್ಲ ಬುತ್ತಿ ಡಬ್ಬಿಯಲ್ಲಿತ್ತು.