ಮೊದಲು ಹದಿನೇಳನೇ ಅಧ್ಯಾಯ, ಆಮೇಲೆ ಟಿಕೆಟ್

ಬೀಜಿಂಗಿನ ದಾಗ್ವಾನ್‌ಯುವಾನ್ ಪುರಾತನ ತೋಟವೇನಲ್ಲ. ತ್ಸಾವ್ ಶುಯೆಚಿನ್ ಬರೆದ ಚೀನೀ ಕಾದಂಬರಿ ‘ಕೆಂಪು ಮಹಲಿನ ಕನಸು’ ಟಿವಿ ಧಾರಾವಾಹಿಯಾಗಲು ಹೊರಟಾಗ, ಕಾದಂಬರಿಯ ವರ್ಣನೆಯನ್ನೇ ನಕ್ಷೆ ಮಾಡಿಕೊಂಡು 1984ರಲ್ಲಿ ಕಟ್ಟಲು ಶುರುಮಾಡಿದ್ದು. ಸೂಜೌ ನಗರದ ಹಳೆಯ ತೋಟಗಳಂಥ ಹಳಮೆ ಹುಡುಕುವವರಿಗೆ ಇದು ರುಚಿಸದು. ಕಾದಂಬರಿ ಓದಿದವರಿಗೆ ಮಾತ್ರ ಇಲ್ಲಿನ ಗಿಡಗಳು ಮಾತಾಡುತ್ತವೆ.

ಇದೇ ಹೆಸರಿನ ಇನ್ನೊಂದು ತೋಟ ಶಾಂಘೈಯ ಚಿಂಗ್ಪು ಜಿಲ್ಲೆಯಲ್ಲಿದೆ. ಮ್ಯಾಪಿನಲ್ಲಿ ಹುಡುಕುವಾಗ ಊರು ನೋಡಿಕೊಳ್ಳಿ. ಬೀಜಿಂಗಿನದು ಎರಡನೇ ರಿಂಗ್ ರೋಡಿನ ನೈಋತ್ಯ ಮೂಲೆಯಲ್ಲಿದೆ.

120 ಅಧ್ಯಾಯ ಮುಗಿಸಿಯೇ ಹೋಗಬೇಕೆಂದಿಲ್ಲ. 17, 18, 40, 41 ಸಾಕು. ಹದಿನೇಳರಲ್ಲಿ ಅಪ್ಪ ಜ್ಯಾ ಝೆಂಗ್ ಮಗ ಬಾವ್‌ಯುವನ್ನು ಹೊಸ ತೋಟದಲ್ಲಿ ಸುತ್ತಾಡಿಸುತ್ತ ಒಂದೊಂದು ಜಾಗಕ್ಕೂ ಹೆಸರು ಕಟ್ಟಿಸುತ್ತಾನೆ. ಬಾಗಿಲು ದಾಟಿದ ಕೂಡಲೇ ಅವರಿಗೆ ಗುಡ್ಡ ಅಡ್ಡ ಬರುತ್ತದೆ. ಅದಿಲ್ಲದಿದ್ದರೆ ಇಡೀ ತೋಟ ಒಂದೇ ನೋಟಕ್ಕೆ ಮುಗಿದುಹೋಗುತ್ತಿತ್ತು. ಹಾಗಾಗಿ ಬಳಸಿಕೊಂಡು ಹೋಗಬೇಡಿ, ಕಲ್ಲುಗಳ ನಡುವಿನ ಕಿರುದಾರಿಯನ್ನೇ ಹಿಡಿಯಿರಿ.

ಮುಂದೆ ಬಾವ್‌ಯುವಿನ ಸೋದರತ್ತೆಯ ಮಗಳು ದೈಯುವಿನ ಬಿದಿರಿನ ಮನೆ, ಶ್ಯಾವ್‌ಶ್ಯಾಂಗ್‌ಗ್ವಾನ್. ಇಲ್ಲಿ ನಿಧಾನಿಸಿ. ನಲವತ್ತನೇ ಅಧ್ಯಾಯದಲ್ಲಿ ಹಳ್ಳಿಯ ಲಿಯು ಅಜ್ಜಿ ದೊಡ್ಡವರಿಗೆ ಬೆಣಚುಕಲ್ಲಿನ ದಾರಿ ಬಿಟ್ಟುಕೊಟ್ಟು, ತಾನು ಪಾಚಿ ಕಟ್ಟಿದ ಮಣ್ಣಿನ ಮೇಲೆ ನಡೆದು ಜಾರಿ ಬೀಳುವುದು ಇಲ್ಲೇ. ಅದೇ ಭೇಟಿಯಲ್ಲಿ ಮನೆಯ ಹಿರಿಯಜ್ಜಿ ಕಿಟಕಿಯ ಹಸಿರು ಜಾಲರಿ ಬಟ್ಟೆ ನೋಡಿ ತಕರಾರು ತೆಗೆಯುತ್ತಾಳೆ: ಅಂಗಳದಲ್ಲಿ ಪೀಚ್, ಏಪ್ರಿಕಾಟ್ ಏನೂ ಇಲ್ಲ, ಬಿದಿರೇ ಹಸಿರು, ಅದಕ್ಕೆ ಮತ್ತೆ ಹಸಿರು ಬಟ್ಟೆಯೇ? ತೆಗೆದು ಬೆಳ್ಳಿಗೆಂಪಿನದು ಹಾಕಿಸಿ ಅನ್ನುತ್ತಾಳೆ. ಅಂಗಳದಲ್ಲಿ ನಿಂತು ಕಿಟಕಿ ನೋಡಿದರೆ ಅಜ್ಜಿಯ ಮಾತು ಎಷ್ಟು ಸರಿ ಅಂತ ಗೊತ್ತಾಗುತ್ತದೆ. ಇನ್ನೊಬ್ಬ ಸಂಬಂಧಿ ಹುಡುಗಿ ಬಾವ್‌ಛಾಯ್‌ಳ ಮನೆ ಇದಕ್ಕೆ ತದ್ವಿರುದ್ಧ: ಕಾದಂಬರಿಯಲ್ಲಿ ಅಲ್ಲಿ ಹೂಗಿಡವೇ ಇಲ್ಲ, ಬರೀ ಬಂಡೆ ಮತ್ತು ಘಮಘಮಿಸುವ ಬಳ್ಳಿ.

ಯಾವಾಗ ಹೋಗಬೇಕು ಎನ್ನುವುದನ್ನು ಬಾವ್‌ಯುವಿನ ಮನೆ ಯಿಹೊಂಗ್‌ಯುವಾನ್ ನಿರ್ಧರಿಸುತ್ತದೆ. ಅಂಗಳದ ಒಂದು ಕಡೆ ಬಾಳೆ, ಇನ್ನೊಂದು ಕಡೆ ಹಾಯ್‌ತಾಂಗ್ ಎಂಬ ಕಾಡುಸೇಬು. ಅವನು ಕಟ್ಟಿದ ಹೆಸರಿನಲ್ಲಿ ಹಸಿರೂ ಇತ್ತು, ಕೆಂಪೂ ಇತ್ತು. ಚಕ್ರವರ್ತಿಯ ರಾಣೀವಾಸ ಸೇರಿದ ಅವನ ಅಕ್ಕ ತಿದ್ದಿ ಇಟ್ಟ ಮನೆ ಹೆಸರಿನಲ್ಲಿ ಉಳಿದದ್ದು ಕೆಂಪು ಮಾತ್ರ. ಆ ಕೆಂಪು ಬೇಕಿದ್ದರೆ ಏಪ್ರಿಲ್ ಮೊದಲ ಎರಡು ವಾರ. ಕೊಳದ ತಾವರೆಗೆ ಜುಲೈ. ಜನವರಿ, ಫೆಬ್ರುವರಿಯಲ್ಲಿ ಹೋದರೆ ಬೀಜಿಂಗಿನ ಹಿಮಗಾಳಿಗೆ ಬಾಳೆಯೂ ನಿಲ್ಲದು, ಹೂವೂ ಇರದು. ವಸಂತ ಹಬ್ಬದ, ಅಂದರೆ ಚೀನೀ ಹೊಸವರ್ಷದ ಜಾತ್ರೆಯೊಂದೇ ಆಗ ಆಕರ್ಷಣೆ. ಅದರಲ್ಲಿ ಅಕ್ಕ ತವರಿಗೆ ಬರುವ ಮೆರವಣಿಗೆಯನ್ನು ಆಡಿ ತೋರಿಸುತ್ತಾರೆ, ನೂಕುನುಗ್ಗಲು ವಿಪರೀತ.

ಬಾವ್‌ಯುವಿನ ಮನೆಯ ಒಳಗೆ ಹೋಗುವ ಮೊದಲು ನಲವತ್ತೊಂದನೇ ಅಧ್ಯಾಯ ಇನ್ನೊಮ್ಮೆ ತಿರುವಿ. ಕುಡಿದು ದಾರಿ ತಪ್ಪಿದ ಲಿಯು ಅಜ್ಜಿ ಇಲ್ಲಿಗೇ ನುಗ್ಗುತ್ತಾಳೆ. ಎದುರಿಗೊಬ್ಬ ಮುದುಕಿ, ತಲೆತುಂಬ ಹೂ. ತನ್ನ ಬೀಗಿತ್ತಿಯೇ ಇರಬೇಕೆಂದು ಮಾತಾಡಿಸಿ, ಇಷ್ಟೊಂದು ಹೂ ಮುಡಿದಿದ್ದೀಯಲ್ಲೇ ಅಂತ ಹಂಗಿಸುತ್ತಾಳೆ. ಕೈ ಚಾಚಿದರೆ ಕನ್ನಡಿ!