ಡಿಬೇಟ್ ಶೀಟು: ಹಸು, ತೆಂಗಿನಮರ ಮತ್ತು ಹಗ್ಗ

ಮೊದಲ ಮೂರು ವಾರ

ಆಫೀಸಿನಿಂದ ಬೆಂಗಳೂರಿನ ವಿಜಯನಗರದ ಮನೆ ಸೇರುವಾಗ ರಾತ್ರಿ ಒಂಬತ್ತು. ಊಟ ಆದಮೇಲೆ ಅರ್ಧ ಗಂಟೆ ಅಮೆರಿಕದ ಹಳೇ ಚುನಾವಣಾ ಡಿಬೇಟ್ ನೋಡುವುದು, ಎಕ್ಸೆಲ್ ಶೀಟಿನಲ್ಲಿ ಗುರುತು ಹಾಕುವುದು. ಇಷ್ಟೇ ಪ್ರಾಜೆಕ್ಟು. ಕೈಲಿರುವ ಎರಡು ನಿಮಿಷದಲ್ಲಿ ಅಭ್ಯರ್ಥಿ ಯಾವ ವಿಷಯ ಹಿಡಿಯುತ್ತಾನೆ, ಯಾವುದನ್ನು ಬಿಡುತ್ತಾನೆ? ಅದನ್ನು ತಿಳಿಯಬೇಕಿತ್ತು. ಶುರುವಿನಲ್ಲಿ ಎರಡೇ ಕಾಲಂ: ಕೇಳಿದ್ದೇನು, ಹೇಳಿದ್ದೇನು.

ನನ್ನ ಆಧಾರ ಅಮೆರಿಕದ ರಾಜಕೀಯ ಶಾಸ್ತ್ರಜ್ಞ ಜಾನ್ ಪೆಟ್ರೋಸಿಕ್ ಅವರ 1996ರ ಲೇಖನ. ಜನ ಒಂದೊಂದು ವಿಷಯವನ್ನು ಒಂದೊಂದು ಪಕ್ಷದ ಹೆಸರಿಗೆ ಖಾತೆ ಮಾಡಿಕೊಟ್ಟುಬಿಟ್ಟಿರುತ್ತಾರೆ, ಅಭ್ಯರ್ಥಿ ತನ್ನ ಖಾತೆಯ ಜಮೀನಿನಲ್ಲೇ ಉಳಲು ನೋಡುತ್ತಾನೆ ಅನ್ನುವುದು ವಾದ. ಅಧಿಕಾರದಲ್ಲಿದ್ದವರ ಕೈಯಲ್ಲಿ ಬೆಲೆ ಏರಿದರೆ, ಆ ಜಮೀನು ಸ್ವಲ್ಪ ದಿನಕ್ಕೆ ಎದುರಾಳಿಗೆ ಗುತ್ತಿಗೆ. 1980ರಲ್ಲಿ ರೇಗನ್ ಮಾಡಿದ್ದು ಅದೇ. ಆಗ ಅಧ್ಯಕ್ಷರಾಗಿದ್ದ ಕಾರ್ಟರ್ ಎದುರಿನ ಡಿಬೇಟಿನ ಕೊನೆಗೆ, ನಾಲ್ಕು ವರ್ಷದ ಹಿಂದಿಗಿಂತ ನೀವು ಈಗ ಚೆನ್ನಾಗಿದ್ದೀರಾ, ಅಂಗಡಿಯಲ್ಲಿ ಸಾಮಾನು ಕೊಳ್ಳುವುದು ಸುಲಭ ಆಗಿದೆಯಾ ಅಂತ ಕೇಳಿದರು. ಶೀಟಿನಲ್ಲಿ ಸಲೀಸಾಗಿ ಕೂತಿತು.

ನಾಲ್ಕನೇ ವಾರ: ಕೆನಡಿ ಕೈಕೊಟ್ಟರು

1960ರ ಸೆಪ್ಟೆಂಬರ್ 26, ಷಿಕಾಗೊ. ಕೆನಡಿ ಮತ್ತು ನಿಕ್ಸನ್ ನಡುವಿನ ಮೊದಲ ಡಿಬೇಟ್. ಅವತ್ತಿನ ವಿಷಯ ದೇಶದೊಳಗಿನ ವಿಚಾರ ಮಾತ್ರ. ವಿದೇಶಾಂಗ ಅನುಭವ ನಿಕ್ಸನ್ ಹೆಚ್ಚುಗಾರಿಕೆ, ಎಂಟು ವರ್ಷ ಉಪಾಧ್ಯಕ್ಷರಾಗಿದ್ದವರು. ಆದರೆ ಕೆನಡಿ ತಮ್ಮ ಎಂಟು ನಿಮಿಷವನ್ನು ಶುರು ಮಾಡಿದ್ದೇ ಲಿಂಕನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ಹೆಸರಿನಿಂದ! ಅಲ್ಲಿಂದ ಅರ್ಧ ಖಾಲಿ ಕೂತ ಉಕ್ಕಿನ ಕಾರ್ಖಾನೆ, ವೆಸ್ಟ್ ವರ್ಜೀನಿಯಾದ ಹಸಿದ ಮಕ್ಕಳು. ಆಮೇಲೆ ಎದ್ದ ನಿಕ್ಸನ್, ಸೆನೆಟರ್ ಕೆನಡಿ ಹೇಳಿದ್ದರಲ್ಲಿ ಎಷ್ಟೋ ಒಪ್ಪುವಂಥದ್ದೇ ಎಂದು ಮಾತು ಶುರು ಮಾಡಿದರು. ಇದನ್ನು ಯಾರ ಖಾತೆಗೆ ಹಾಕಲಿ? ಎರಡು ರಾತ್ರಿ ಆ ಸಾಲು ಖಾಲಿ ಬಿದ್ದಿತ್ತು.

ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರಿಗೆ ತೋರಿಸಿದೆ. ನೋಡಿ ನಕ್ಕರು. "ಇದು ಹಸುವಿನ ಪ್ರಬಂಧ ಕಣಪ್ಪಾ." ಹುಡುಗ ಹಸುವಿನ ಬಗ್ಗೆ ಉರು ಹೊಡೆದು ಹೋಗಿದ್ದ, ಪರೀಕ್ಷೆಗೆ ಬಂದಿದ್ದು ತೆಂಗಿನಮರ. "ನಮ್ಮ ಹಿತ್ತಲಲ್ಲಿ ತೆಂಗಿನಮರ ಇದೆ. ಅದಕ್ಕೆ ಹಸು ಕಟ್ಟಿದ್ದೇವೆ. ಹಸುವಿಗೆ ನಾಲ್ಕು ಕಾಲು..." ಅಂತ ಬರೆದು ಬಂದ. "ನೀನು ಮರ ಎಣಿಸ್ತಿದ್ದೀಯ, ಹಸು ಎಣಿಸ್ತಿದ್ದೀಯ. ಹಗ್ಗ ಎಲ್ಲಿ?"

ಮೂರನೇ ಕಾಲಂ ಬಂತು. ಹೆಸರು: ಹಗ್ಗ, ಅಂದರೆ ಒಂದು ವಿಷಯವನ್ನು ಇನ್ನೊಂದಕ್ಕೆ ಕಟ್ಟುವ ಮಾತು. ಕೆನಡಿಯ ಹಗ್ಗ ಅಂದರೆ, ಹೊರಗೆ ಗೆಲ್ಲಬೇಕಾದರೆ ಒಳಗೆ ಗಟ್ಟಿ ಇರಬೇಕು ಅನ್ನುವ ಮಾತು. ವಿದೇಶಾಂಗ ಅನ್ನುವ ಎದುರಾಳಿಯ ಮರಕ್ಕೇ ತಮ್ಮ ಹಸು ಕಟ್ಟಿದ್ದರು.

ಆರನೇ ವಾರ

ಈಗ ಹಗ್ಗ ಬಿಟ್ಟು ಬೇರೆ ಏನೂ ಕಾಣುತ್ತಿಲ್ಲ. 2024ರ ಸೆಪ್ಟೆಂಬರ್ 10, ಫಿಲಡೆಲ್ಫಿಯಾ. ಟ್ರಂಪ್ ಎದುರು ನಿಂತಿದ್ದ ಕಮಲಾ ಹ್ಯಾರಿಸ್‌ಗೆ ವಲಸೆಯ ಪ್ರಶ್ನೆ. ಅದು ಟ್ರಂಪ್ ಖಾತೆಯ ಜಮೀನು. ಗಡಿ ಕಾವಲು ಬಿಗಿ ಮಾಡುವ ಮಸೂದೆ ಬಗ್ಗೆ ಒಂದಿಷ್ಟು ಹೇಳಿ, ಟ್ರಂಪ್ ರ‍್ಯಾಲಿಗೆ ಹೋಗಿ ನೋಡಿ, ಜನ ಬೇಜಾರಾಗಿ ಮಧ್ಯದಲ್ಲೇ ಎದ್ದು ಹೋಗ್ತಾರೆ ಎಂದರು. ಮಸೂದೆ ಬಗ್ಗೆ ಕೇಳಿದರೆ ಟ್ರಂಪ್, ಮೊದಲು ರ‍್ಯಾಲಿ ಬಗ್ಗೆ ಹೇಳ್ತೀನಿ ಎಂದರು. ತನ್ನ ಹೊಲದಲ್ಲೇ ನಿಂತು ಬೇರೆಯವರ ಹಸು ಮೇಯಿಸಿದ ಹಾಗಾಯಿತು. ಈ ತುಣುಕನ್ನು ನಾಲ್ಕು ಸಲ ನೋಡಿದೆ. ಲೆಕ್ಕಕ್ಕೆ ಒಂದೇ ಸಲ ಸಾಕಿತ್ತು, ಸುಮ್ನೆ ಮಜಾ.

ಈ ವಾರ

ನಮ್ಮೂರಿನದೂ ಒಂದು ಬೇಕಲ್ವಾ? 2024ರ ಏಪ್ರಿಲ್‌ನಲ್ಲಿ ಗೆಳೆಯನ ಅಪಾರ್ಟ್‌ಮೆಂಟಿನಲ್ಲಿ ಅಭ್ಯರ್ಥಿಗಳನ್ನು ಕರೆಸಿದ್ದರು. ಫೋನಿನ ರೆಕಾರ್ಡಿಂಗ್, ಫ್ಯಾನಿನ ಸದ್ದೇ ಜಾಸ್ತಿ. ಬೋರ್‌ವೆಲ್ ಬತ್ತಿದ್ದ ದಿನಗಳು. ಒಬ್ಬರು ಟ್ಯಾಂಕರ್ ರೇಟು ಕೇಳಿದರು. ಅಭ್ಯರ್ಥಿ, "ನೀರು ಮುಖ್ಯ. ಆದರೆ ದೇಶ ಗಟ್ಟಿ ಇದ್ದರೆ ತಾನೇ..." ಎಂದರು. ಹಿಂದಿನಿಂದ ಒಂದು ಹೆಂಗಸಿನ ದನಿ: "ಟ್ಯಾಂಕರ್ ವಿಷಯ ಹೇಳಿ ಸ್ವಾಮಿ."

ಆದರೆ ಪಾರ್ಲಿಮೆಂಟಿಗೆ ನಿಂತವರನ್ನು ಟ್ಯಾಂಕರ್ ಬಗ್ಗೆ ಕೇಳಿದ್ದೂ ಸ್ವಲ್ಪ ಅನ್ಯಾಯವೇ. ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿದಿತ್ತು, ಕೇಳೋಕೆ ಕಾರ್ಪೊರೇಟರೇ ಇರಲಿಲ್ಲ. ಕೈಗೆ ಸಿಕ್ಕವರನ್ನು ಕೇಳಿದರು.

ಈ ಉತ್ತರವನ್ನು ಮೇಷ್ಟ್ರು "ನೀರು" ಅಂತ ಗುರುತು ಹಾಕಿದ್ದಾರೆ, ನಾನು "ದೇಶ". ಇಪ್ಪತ್ತು ಉತ್ತರಗಳಲ್ಲಿ ಇಬ್ಬರದೂ ಒಂದೇ ಆಗಿರೋದು ಹದಿಮೂರು. ಸಾಲದು. ಭಾನುವಾರ ಕೂತು, ಎಷ್ಟನೇ ವಾಕ್ಯದಲ್ಲಿ ಹಗ್ಗ ಬಿತ್ತು ಅಂತ ಮೊದಲಿಂದ ಎಣಿಸಬೇಕು. ಮೇಷ್ಟ್ರು ಕಾಫಿ ಕೊಡ್ತೀನಿ ಅಂದಿದ್ದಾರೆ.