ತೃಪ್ತಿ ಇದೆಯಾ ಎಂದು ಕೇಳುವವರಿಗೆ

ಇಂಗ್ಲಿಷ್ ಪಾಠ ಮಾಡುವ ನನ್ನನ್ನು ಪೋಷಕರು ಕೇಳುತ್ತಲೇ ಇರುತ್ತಾರೆ: "ಮೇಡಂ, ಈ ಕೆಲಸದಲ್ಲಿ ನಿಮಗೆ ತೃಪ್ತಿ ಇದೆಯಾ?" ಇದೆ ಅಂದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: "ಮತ್ತೆ ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡೋಕೆ ಯಾಕೆ ಬರಲ್ಲ?" ಇಲ್ಲ ಅಂದರೆ, "ಅದಕ್ಕೇ ನೋಡಿ ಮಕ್ಕಳು ಹಾಗಿರೋದು." ಏನು ಹೇಳಿದರೂ ತಪ್ಪು ನಮ್ಮ ತಲೆಗೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ತೃಪ್ತಿ ಇದೆ. ನನಗೊಬ್ಬಳಿಗೇ ಅಲ್ಲ. ಒಇಸಿಡಿ ಎಂಬ ದೇಶಗಳ ಒಕ್ಕೂಟ 2018ರಲ್ಲಿ ನಡೆಸಿದ ಟಾಲಿಸ್ ಎಂಬ ಶಿಕ್ಷಕರ ಸಮೀಕ್ಷೆಯಲ್ಲಿ, ಆ ದೇಶಗಳ ಕಿರಿಯ ಮಾಧ್ಯಮಿಕ ಹಂತದ (ಪ್ರಾಥಮಿಕದ ನಂತರದ ತರಗತಿಗಳ) ಶಿಕ್ಷಕರಲ್ಲಿ ಸರಾಸರಿ ನೂರಕ್ಕೆ 90 ಜನ ಕೆಲಸ ತೃಪ್ತಿ ಕೊಟ್ಟಿದೆ ಅಂದರು. ಸಮಾಜ ಈ ವೃತ್ತಿಗೆ ಬೆಲೆ ಕೊಡುತ್ತದೆ ಅಂದವರು ನೂರಕ್ಕೆ 26. ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ನಮಗೆ ಬೇಸರ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗುತ್ತದೆ.

ಒಮ್ಮೆ ತರಬೇತಿಯೊಂದರಲ್ಲಿ ಫಾರಂ ಹಂಚಿ, ವೃತ್ತಿತೃಪ್ತಿಗೆ 1ರಿಂದ 5ರೊಳಗೆ ಅಂಕ ಕೊಡಿ ಅಂದರು. ನನ್ನ ಪಕ್ಕದಲ್ಲಿದ್ದ ಟೀಚರ್ ಅಂಕ ಬರೆಯಲಿಲ್ಲ. ಖಾಲಿ ಜಾಗದಲ್ಲಿ "ಯಾವ ಪೀರಿಯಡ್ಡಿನದು?" ಅಂತ ಬರೆದು ಕೊಟ್ಟರು. ತರಬೇತಿ ಕೊಡುತ್ತಿದ್ದವರಿಗೆ ಸಿಟ್ಟು ಬಂತು. ಆ ಕೋಣೆಯಲ್ಲಿ ಸರಿಯಾದ ಉತ್ತರ ಅದೊಂದೇ ಎಂದು ನಾನು ಇವತ್ತಿಗೂ ನಂಬುತ್ತೇನೆ. ತಿಂಗಳುಗಟ್ಟಲೆ ತುಟಿ ಬಿಚ್ಚದ ಹುಡುಗಿ ಪಾಠದ ನಡುವೆ ಕೈ ಎತ್ತಿ, ಸ್ವಂತ ವಾಕ್ಯ ಕಟ್ಟಿ ಪ್ರಶ್ನೆ ಕೇಳಿದ ಪೀರಿಯಡ್ಡಿಗೆ 5. ಪರೀಕ್ಷೆ ಹತ್ತಿರ ಬಂತೆಂದು ಸಿದ್ಧ ಉತ್ತರಗಳನ್ನು ಬರೆಸಿದ ಪೀರಿಯಡ್ಡಿಗೆ 1. ಟೀಚರ್ ಒಬ್ಬಳೇ, ಮಕ್ಕಳೂ ಅವರೇ.

ತೃಪ್ತಿ ಇದ್ದರೆ ಪಾಠ ತಾನಾಗಿ ಚೆನ್ನಾಗಿ ಆಗುತ್ತದೆ ಅನ್ನುವುದು ನಿಮ್ಮ ಪ್ರಶ್ನೆಯೊಳಗಿರುವ ನಂಬಿಕೆ. ನನ್ನ ಅನುಭವದಲ್ಲಿ ಅದು ತಿರುಗುಮುರುಗು. ಇಟಲಿಯ 75 ಶಾಲೆಗಳ 2,000ಕ್ಕೂ ಹೆಚ್ಚು ಶಿಕ್ಷಕರ ಬಗ್ಗೆ ಮನಶ್ಶಾಸ್ತ್ರಜ್ಞ ಕಪ್ರಾರಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಮೊದಲು ನೋಡಿದ್ದು "ನನ್ನಿಂದ ಕಲಿಸಲು ಆಗುತ್ತದೆ" ಎಂಬ ಶಿಕ್ಷಕರ ವಿಶ್ವಾಸವನ್ನು. ಅವರ ತೃಪ್ತಿಗೂ ಮಕ್ಕಳ ಕಲಿಕೆಗೂ ಆ ವಿಶ್ವಾಸದ ಜೊತೆ ನಂಟಿತ್ತು.

ಆ ವಿಶ್ವಾಸ ಉಳಿಯಬೇಕಾದರೆ ಕಲಿಸಲು ಸಮಯ ಬೇಕು. ಹಾಗಾಗಿ ನನ್ನನ್ನು ಕೇಳಬೇಕಾದದ್ದು ಇದು: ನಿಮ್ಮ ತರಗತಿಯಲ್ಲಿ ಒಂದು ಮಗುವಿಗೆ ಇಂಗ್ಲಿಷ್ ಮಾತಾಡಲು ಎಷ್ಟು ಹೊತ್ತು ಸಿಗುತ್ತದೆ? 40 ನಿಮಿಷದ ಪೀರಿಯಡ್ಡು, 40 ಮಕ್ಕಳು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತರೂ ತಲೆಗೆ ಒಂದೇ ನಿಮಿಷ. ಬರವಣಿಗೆಯ ಕಥೆಯೂ ಹೀಗೇ. ಒಂದು ಪ್ರಬಂಧ ಓದಿ ತಿದ್ದಲು ಐದು ನಿಮಿಷವೆಂದರೆ ಒಂದು ಸೆಕ್ಷನ್ನಿಗೆ 3 ಗಂಟೆ 20 ನಿಮಿಷ, ನಾಲ್ಕು ಸೆಕ್ಷನ್ನಿಗೆ 13 ಗಂಟೆ ದಾಟುತ್ತದೆ. ಯಾವ ವೇಳಾಪಟ್ಟಿಯಲ್ಲಿ ಇದಕ್ಕೆ ಜಾಗವಿದೆ?

ದಾರಿ ಇಲ್ಲವೆಂದಲ್ಲ. ಮಕ್ಕಳನ್ನು ಜೋಡಿ ಮಾಡಿ 20 ನಿಮಿಷ ಮಾತಿಗೆ ಬಿಟ್ಟರೆ ಪ್ರತಿಯೊಬ್ಬರಿಗೂ ಹತ್ತತ್ತು ನಿಮಿಷ ಸಿಗುತ್ತದೆ. ಆದರೆ ಇಪ್ಪತ್ತು ಜೋಡಿ ಒಟ್ಟಿಗೆ ಮಾತಾಡಿದರೆ ಗದ್ದಲ ಆಗಿಯೇ ಆಗುತ್ತದೆ. ಹೊರಗೆ ಹಾದುಹೋಗುವವರಿಗೆ ಅದು ಶಿಸ್ತಿಲ್ಲದ ಕ್ಲಾಸು. ಮಾತಿಗೆ ಅಂಕವಿಲ್ಲದ ಪರೀಕ್ಷೆಯಾದರೆ ಅದು ಪೋಷಕರಿಗೂ ವ್ಯರ್ಥ ಕಾಲ. ಮುಂದಿನ ಪೋಷಕರ ಸಭೆಗೆ ಬಂದಾಗ ನನ್ನ ತೃಪ್ತಿಯನ್ನು ವಿಚಾರಿಸಬೇಡಿ. ಈ ಗದ್ದಲಕ್ಕೆ ವಾರಕ್ಕೆರಡು ಪೀರಿಯಡ್ಡು ಕೊಡಿ ಎಂದು ಮುಖ್ಯೋಪಾಧ್ಯಾಯರ ಹತ್ತಿರ ಕೇಳಿ.